ಐದು ಪೌಂಡು ಜುಲ್ಮಾನೆ

ಯುದ್ಧವೆಂದರೆ ಶಸ್ತ್ರಪಾಣಿಗಳಾದವರು ರಣರಂಗದಲ್ಲಿ ಎದುರುಬದುರಾಗಿ ನಿಂತು ಕಾದುವುದೆಂಬ ಭಾವನೆಯು ನಮ್ಮ ಪುರಾಣೇತಿಹಾಸಗಳನ್ನು ಓದಿದವರ ಮನಸ್ಸಿನಲ್ಲಿ ಸಹಜವಾಗಿ ನೆಲಸಿರುವುದು. ಆಯುಧವಿಲ್ಲದವನನ್ನು ಹೊಡೆಯಬಾರದು, ಶರಣುಬಂದವನನ್ನು ಕೊಲ್ಲಬಾರದು ಎಂಬ ಕಟ್ಟಳೆಗಳನ್ನು ಕುರುಕ್ಷೇತ್ರದಲ್ಲಿ ಉಭಯಪಕ್ಷದವರೂ ಮೊದಲಿಗೆ ಒಪ್ಪಿಕೊಂಡಿದ್ದರು. ಆ ಕಟ್ಟಳೆಗಳು ಒಂದೊಂದಾಗಿ ಮುರಿಯುತ್ತ ಬಂದು, ಕಟ್ಟಕಡೆಗೆ ಅಶ್ವತ್ಥಾಮನ ಅಸ್ತ್ರವು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ ಬಿದ್ದಿತು. ಹದಿನೆಂಟು ದಿನಗಳ ಸಂಹಾರವನ್ನೆಲ್ಲ ಸಹಿಸಿಕೊಂಡು ಕೇಳಿದ ಶ್ರೋತೃವಿಗೂ ಆ ಸ್ಥಳದಲ್ಲಿ ಮನಸ್ಸು ತಡೆದು ನಿಲ್ಲುತ್ತದೆ. ಯುದ್ಧ ಮುಗಿದಿತ್ತು, ಗೆದ್ದವರು ಗೆದ್ದಿದ್ದರು, ಸತ್ತವರು ಸತ್ತಿದ್ದರು. ಇನ್ನೂ ಹುಟ್ಟದಿದ್ದ ಕೂಸಿನ ಮೇಲೆ ಅಸ್ತ್ರವನ್ನು ಬಿಡುವುದರಿಂದ ಯಾವ ಪಕ್ಷಕ್ಕೂ ಜಯವು ಬರುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಪ್ರಥಮ ಮಹಾಯುದ್ಧದಲ್ಲಿ ಶಿಶುಗಳನ್ನು ಮುಟ್ಟಿದ ಅಸ್ತ್ರವು ಬೇರೆಯ ರೂಪವನ್ನು ತಾಳಿತ್ತು. ಅದಕ್ಕೆ ಬೆಂಕಿಯಾಗಲಿ ಸದ್ದಾಗಲಿ ಇರಲಿಲ್ಲ. ಅದರ ಹೆಸರು ಸಮುದ್ರದ ದಿಗ್ಬಂಧನ. ಯುದ್ಧವಿರಾಮವಾಗಿ ತಿಂಗಳುಗಳು ಕಳೆದ ಮೇಲೂ ಆ ಅಸ್ತ್ರವು ಹಿಂದಕ್ಕೆ ಕರೆಯಲ್ಪಡಲಿಲ್ಲವೆಂದು ತನ್ನ ದೇಶದ ಜನರಿಗೆ ತಿಳಿಸಿದುದಕ್ಕಾಗಿ ಒಬ್ಬ ಆಂಗ್ಲ ಮಹಿಳೆಯು 1919ನೆಯ ಇಸವಿ ಮೇ 15ನೆಯ ತಾರೀಖು ಲಂಡನ್ ನಗರದ ಮ್ಯಾನ್ಷನ್ ಹೌಸಿನ ನ್ಯಾಯಸ್ಥಾನದಲ್ಲಿ ಆಪಾದಿತಳಾಗಿ ನಿಲ್ಲಬೇಕಾಯಿತು. ಆಕೆಯ ಹೆಸರು ಎಗ್ಲಾಂಟೈನ್ ಜೆಬ್. ಆ ವಿಚಾರಣೆಯಲ್ಲಿ ಆಕೆಗೆ ವಿಧಿಸಿದ ಜುಲ್ಮಾನೆ ಐದು ಪೌಂಡು. ಹಣದ ಲೆಕ್ಕದಲ್ಲಿ ಇದು ಅಲ್ಪವಾದ ಮೊಕದ್ದಮೆ. ಶಾಸನವು ಯಾವುದನ್ನು ವಿಚಾರಿಸಬಲ್ಲುದು, ಯಾವುದನ್ನು ವಿಚಾರಿಸಲಾರದು ಎಂಬುದನ್ನು ತಿಳಿಯಬಯಸುವವರಿಗೆ ಇದು ಅಲ್ಪವಲ್ಲ.

ಮೊದಲು ದಿಗ್ಬಂಧನದ ಸ್ವರೂಪವನ್ನು ತಿಳಿಯತಕ್ಕದ್ದು. 1914ನೆಯ ಆಗಸ್ಟ್ 4ರಂದು ಬ್ರಿಟನ್ ದೇಶವು ಯುದ್ಧಕ್ಕೆ ಇಳಿಯಿತು. ಅದರ ಬಲವೆಲ್ಲ ನೌಕಾಸೈನ್ಯದಲ್ಲಿ. ಜರ್ಮನಿಯಾದರೋ ತನಗೆ ಬೇಕಾದ ಧಾನ್ಯ, ಕೊಬ್ಬು, ಗೊಬ್ಬರಗಳಲ್ಲಿ ಬಹುಭಾಗವನ್ನು ಕಡಲ ದಾರಿಯಿಂದ ತರಿಸಿಕೊಳ್ಳುತ್ತಿದ್ದ ದೇಶ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ ಉತ್ತರಸಮುದ್ರವನ್ನು ಯುದ್ಧಪ್ರದೇಶವೆಂದು ಸಾರಿತು. 1915ನೆಯ ಮಾರ್ಚಿಯಲ್ಲಿ ಹೊರಡಿಸಿದ ಆಜ್ಞೆಯಿಂದ ಜರ್ಮನಿಗೆ ಹೋಗುವ ಸಕಲ ಸರಕುಗಳನ್ನೂ ತಡೆಯಲಾರಂಭಿಸಿತು. ಸಿಪಾಯಿಯ ಅನ್ನಕ್ಕೂ ಹಸುಳೆಯ ಹಾಲಿಗೂ ಭೇದವುಳಿಯಲಿಲ್ಲ. ಗೊಬ್ಬರವಿಲ್ಲದೆ ಹೊಲಗಳ ಬೆಳೆ ಕುಗ್ಗಿತು. ಮೇವಿಲ್ಲದೆ ಹಸುಗಳ ಹಾಲು ಬತ್ತಿತು. ಇದ್ದ ಗಂಡಾಳುಗಳೂ ಕುದುರೆಗಳೂ ಸೈನ್ಯಕ್ಕೆ ಹೋದುದರಿಂದ ಉಳುಮೆಯೇ ಕಡಮೆಯಾಯಿತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು, ಜರ್ಮನಿಯ ಪಟ್ಟಣಿಗರು ದನಗಳಿಗೆ ಹಾಕುವ ಟರ್ನಿಪ್ ಗಡ್ಡೆಗಳನ್ನು ತಿಂದು ಕಾಲಕಳೆದರು. ಇಂದಿಗೂ ಅಲ್ಲಿ ಅದಕ್ಕೆ ಟರ್ನಿಪ್ ಚಳಿಗಾಲವೆಂದೇ ಹೆಸರು.

1918ನೆಯ ನವೆಂಬರ್ 11ರಂದು ಯುದ್ಧವಿರಾಮದ ಕರಾರಿಗೆ ರುಜುವಾಯಿತು. ಫಿರಂಗಿಗಳು ಮೌನವಾದುವು. ಆದರೆ ಅದೇ ಕರಾರಿನ 26ನೆಯ ಪರಿಚ್ಛೇದದಲ್ಲಿ ದಿಗ್ಬಂಧನವು ಹಿಂದಿನಂತೆಯೇ ಮುಂದುವರಿಯತಕ್ಕದ್ದೆಂದು ಬರೆಯಲಾಗಿತ್ತು. ಸೋತವನು ಸಂಧಿಪತ್ರಕ್ಕೆ ರುಜುಹಾಕುವವರೆಗೂ ಅವನ ಕೊರಳಿನ ಹಗ್ಗವನ್ನು ಸಡಿಲಿಸಬಾರದೆಂಬುದು ರಾಜನೀತಿಜ್ಞರ ಅಭಿಪ್ರಾಯ. ಕೆಲವು ಆಹಾರ ಪದಾರ್ಥಗಳನ್ನು ಜರ್ಮನಿಗೆ ಬಿಡಬಹುದೆಂಬ ಒಪ್ಪಂದವು ಬ್ರಸೆಲ್ಸ್ ನಗರದಲ್ಲಿ ಆದುದು 1919ನೆಯ ಮಾರ್ಚಿ 14ರಂದು. ವರ್ಸೈ ಸಂಧಿಪತ್ರಕ್ಕೆ ರುಜುವಾದುದು ಜೂನ್ 28ರಂದು. ಜರ್ಮನಿಯ ಮೇಲಣ ದಿಗ್ಬಂಧನವು ತೆಗೆಯಲ್ಪಟ್ಟುದು ಜುಲೈ 12ರಂದು. ಅಂದರೆ ಯುದ್ಧ ನಿಂತ ಎಂಟು ತಿಂಗಳ ಮೇಲೆ.

ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾದ ಸ್ಥಿತಿಯು ಇನ್ನೊಂದು ಬಗೆಯಲ್ಲಿ ಘೋರವಾಗಿತ್ತು. ಹ್ಯಾಪ್ಸ್‌ಬರ್ಗ್ ಸಾಮ್ರಾಜ್ಯವು ಒಡೆದು ಚೂರಾಯಿತು. ಹಂಗೆರಿಯ ಗೋಧಿಯೂ ಬೊಹೀಮಿಯದ ಕಲ್ಲಿದ್ದಲೂ ಹಿಂದೆ ಒಂದೇ ಮನೆಯ ಉಗ್ರಾಣದಿಂದ ಬರುವಂತೆ ಬರುತ್ತಿದ್ದುವು. ಈಗ ಅವು ಪರದೇಶಗಳ ಸ್ವತ್ತಾದುವು. ಹೆಚ್ಚುಕಡಮೆ ಇಪ್ಪತ್ತು ಲಕ್ಷ ಜನರಿದ್ದ ಮಹಾನಗರವು ಹೊಲವಿಲ್ಲದ ಗೃಹಸ್ಥನಂತೆ ಬರಿಗೈಯಲ್ಲಿ ನಿಂತಿತು. ಹಾಲಿಲ್ಲದೆ, ಕೊಬ್ಬಿಲ್ಲದೆ, ಬೆಚ್ಚಗಿಡುವ ಇದ್ದಲಿಲ್ಲದೆ ಅಲ್ಲಿನ ಮಕ್ಕಳ ಎಲುಬುಗಳು ಮೆತ್ತಗಾಗಿ ಬಾಗಿದುವು. ರಿಕೆಟ್ಸ್ ಎಂಬ ಆ ರೋಗವು ಎಷ್ಟು ವ್ಯಾಪಿಸಿತೆಂದರೆ, ಅದರ ಕಾರಣವನ್ನು ಶೋಧಿಸುವುದಕ್ಕಾಗಿ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿಯ ನಾಯಕತ್ವದಲ್ಲಿ ಇಂಗ್ಲೆಂಡಿನ ಪಂಡಿತರು ಆ ಕಾಲದಲ್ಲಿ ವಿಯೆನ್ನಾಕ್ಕೆ ಹೋಗಿ ಪರೀಕ್ಷೆಗಳನ್ನು ನಡೆಸಿದರು. ಈ ಎಲ್ಲ ಸಂಕಟಕ್ಕೂ ದಿಗ್ಬಂಧನವೊಂದೇ ಕಾರಣವೆಂದು ಹೇಳುವುದು ಇತಿಹಾಸಕ್ಕೆ ಸಲ್ಲದು. ದಿಗ್ಬಂಧನವು ಪ್ರಧಾನ ಕಾರಣಗಳಲ್ಲಿ ಒಂದೆಂಬುದೂ, ಉಳಿದ ಕಾರಣಗಳಂತಲ್ಲದೆ ಇದು ಒಂದು ಆಜ್ಞೆಯಿಂದ ನಿಲ್ಲತಕ್ಕದ್ದಾಗಿತ್ತೆಂಬುದೂ ನಿಶ್ಚಯ.

ಈ ವಾರ್ತೆಯು ಇಂಗ್ಲೆಂಡಿನ ಸಾಮಾನ್ಯ ಜನರಿಗೆ ತಲಪಲಿಲ್ಲ. ತಲಪದಂತೆ ಮಾಡಿದ್ದು ರಾಜ್ಯರಕ್ಷಣಾ ಶಾಸನ. ಯುದ್ಧವು ಆರಂಭವಾದ ನಾಲ್ಕನೆಯ ದಿನ, 1914ನೆಯ ಆಗಸ್ಟ್ 8ರಂದು, ಪಾರ್ಲಿಮೆಂಟು ಈ ಶಾಸನವನ್ನು ಅಂಗೀಕರಿಸಿತು. ಅದರ ಕೆಳಗೆ ಸರಕಾರವು ಬೇಕೆಂದಾಗ ಬೇಕಾದ ವಿಧಿಗಳನ್ನು ಹೊರಡಿಸಬಹುದಾಗಿತ್ತು. 1917ನೆಯ ನವೆಂಬರಿನಲ್ಲಿ ಸೇರಿದ ಒಂದು ವಿಧಿಯ ಪ್ರಕಾರ, ಯುದ್ಧವನ್ನಾಗಲಿ ಸಂಧಿಯನ್ನಾಗಲಿ ಕುರಿತ ಕರಪತ್ರಗಳನ್ನು ಹಂಚುವ ಮೊದಲು ಸೆನ್ಸಾರ್ ಅಧಿಕಾರಿಗಳಿಗೆ ಒಪ್ಪಿಸಬೇಕಾಗಿತ್ತು. ಬರೆದುದು ಸತ್ಯವೇ ಅಸತ್ಯವೇ ಎಂಬ ಪ್ರಶ್ನೆಯು ಈ ವಿಧಿಗೆ ಸಂಬಂಧಿಸಿದುದಲ್ಲ. ಅಧಿಕಾರಿಗೆ ತೋರಿಸಲಾಯಿತೇ ಇಲ್ಲವೇ ಎಂಬುದಷ್ಟೇ ಅದರ ವಿಚಾರ.

ಈ ಶಾಸನದ ಬಲೆಯಲ್ಲಿ ದೊಡ್ಡ ದೊಡ್ಡವರು ಸಿಕ್ಕಿಬಿದ್ದರು. ತತ್ತ್ವಶಾಸ್ತ್ರಜ್ಞನಾದ ಬರ್ಟ್ರಂಡ್ ರಸೆಲ್, ಸೈನ್ಯಕ್ಕೆ ಸೇರಲೊಲ್ಲದ ಒಬ್ಬ ಶಾಲಾ ಉಪಾಧ್ಯಾಯನ ಪರವಾಗಿ ಕರಪತ್ರ ಬರೆದುದಕ್ಕೆ 1916ನೆಯ ಜೂನಿನಲ್ಲಿ ಇದೇ ಮ್ಯಾನ್ಷನ್ ಹೌಸಿನಲ್ಲಿ ವಿಚಾರಣೆಗೊಳಗಾಗಿ ನೂರು ಪೌಂಡು ಜುಲ್ಮಾನೆಗೆ ಗುರಿಯಾದನು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು ಆತನನ್ನು ಕೆಲಸದಿಂದ ತೆಗೆಯಿತು. ಕಾಂಗೋ ದೇಶದ ಪ್ರಜೆಗಳ ಮೇಲೆ ನಡೆದ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿ ಪ್ರಖ್ಯಾತನಾಗಿದ್ದ ಇ. ಡಿ. ಮೊರೆಲ್, ಸ್ವಿಟ್ಜರ್‌ಲೆಂಡಿನಲ್ಲಿದ್ದ ರೊಮೇನ್ ರೋಲಾನಿಗೆ ತನ್ನ ಪುಸ್ತಿಕೆಗಳನ್ನು ಕಳುಹಿಸಿದನೆಂದು 1917ರಲ್ಲಿ ಆರು ತಿಂಗಳು ಸೆರೆಮನೆಯನ್ನು ಅನುಭವಿಸಿದನು. ಭಾರತೀಯರಿಗೂ ಈ ಶಾಸನದ ಬಿಸಿ ಅಪರಿಚಿತವಲ್ಲ. 1915ರ ಭಾರತ ರಕ್ಷಣಾ ಶಾಸನವು ಇದರ ಸೋದರಿ. 1917ನೆಯ ಜೂನಿನಲ್ಲಿ ಆನಿ ಬೆಸೆಂಟರನ್ನು ಬಂಧನದಲ್ಲಿರಿಸಿದುದು ಅದರ ಬಲದಿಂದಲೇ. ಯುದ್ಧ ಮುಗಿದರೂ ಯುದ್ಧಕಾಲದ ಅಧಿಕಾರವನ್ನು ಬಿಟ್ಟುಕೊಡಲೊಲ್ಲದ ಸರಕಾರವು 1919ನೆಯ ಮಾರ್ಚಿಯಲ್ಲಿ ರೌಲಟ್ ಶಾಸನವನ್ನು ಹೊರಡಿಸಿತು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದುದು ಸರ್ವವಿದಿತ. ಲಂಡನ್ನಿನಲ್ಲಿ ಕುಮಾರಿ ಜೆಬ್ ಬಂಧಿಸಲ್ಪಟ್ಟುದೂ ಅದೇ ಏಪ್ರಿಲ್ ಮಾಸದಲ್ಲಿಯೇ. ಎರಡು ಘಟನೆಗಳಿಗೂ ಪರಿಮಾಣದಲ್ಲಿ ಹೋಲಿಕೆಯೇ ಇಲ್ಲ. ಶಾಂತಿಕಾಲದಲ್ಲಿಯೂ ಯುದ್ಧಕಾಲದ ಅಧಿಕಾರವನ್ನು ಕೈಬಿಡಲಾರದ ಆಳ್ವಿಕೆಯು ಎರಡರ ಹಿಂದೆಯೂ ಇದ್ದಿತೆಂಬುದಷ್ಟೇ ಸಾದೃಶ್ಯ.

ಎಗ್ಲಾಂಟೈನ್ ಜೆಬ್ 1876ನೆಯ ಆಗಸ್ಟ್ 25ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಎಲ್ಸ್‌ಮಿಯರ್ ಎಂಬಲ್ಲಿ ಜಮೀನುದಾರರ ಮನೆತನದಲ್ಲಿ ಜನಿಸಿದಳು. ತಾಯಿಯು ಹಳ್ಳಿಯವರಿಗೆ ಮನೆಗೆಲಸದ ಕಸಬುಗಳನ್ನು ಕಲಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದ್ದ ಸಾಧ್ವಿ. ಬಂಧುಗಳಲ್ಲಿ, ಗ್ರೀಕ್ ನಾಟಕಕಾರನಾದ ಸಾಫೊಕ್ಲೀಸನ ಕೃತಿಗಳನ್ನು ಸಂಶೋಧಿಸಿ ಪ್ರಕಟಿಸಿದ ಮಹಾಪಂಡಿತ ಸರ್ ರಿಚರ್ಡ್ ಜೆಬ್ ಒಬ್ಬನು. ಆಕೆ 1895ರಿಂದ ಆಕ್ಸ್‌ಫರ್ಡಿನ ಲೇಡಿ ಮಾರ್ಗರೆಟ್ ಹಾಲಿನಲ್ಲಿ ಇತಿಹಾಸವನ್ನು ವ್ಯಾಸಂಗಮಾಡಿ, ಬಳಿಕ ಉಪಾಧ್ಯಾಯಿನಿಯಾಗಬೇಕೆಂದು ಶಿಕ್ಷಣ ಪಡೆದು ಮಾರ್ಲ್‌ಬರೊ ಊರಿನ ಬಡಮಕ್ಕಳ ಶಾಲೆಗೆ ಸೇರಿದಳು. ಆದರೆ ಉಪಾಧ್ಯಾಯವೃತ್ತಿಯು ಆಕೆಗೆ ಒಗ್ಗಲಿಲ್ಲ. ಮಕ್ಕಳ ಸಹವಾಸದಲ್ಲಿ ತನಗೆ ಸಹಜವಾದ ಆನಂದವಿಲ್ಲವೆಂಬುದನ್ನು ಆಕೆ ತನ್ನ ಕಾಗದಗಳಲ್ಲಿ ಮರೆಮಾಚದೆ ಬರೆದುಕೊಂಡಿದ್ದಾಳೆ. ಬೇಗನೆ ಆ ಕೆಲಸವನ್ನು ಬಿಟ್ಟಳು, ವಿವಾಹವಾಗಲಿಲ್ಲ, ಸ್ವಂತ ಮಕ್ಕಳಿರಲಿಲ್ಲ.

ಈ ಸಂಗತಿಯನ್ನು ಕೆಲವರು ವಿಚಿತ್ರವೆಂದು ಹೇಳಿ ನಗುವುದುಂಟು. ವಿಚಾರಿಸಿ ನೋಡಿದರೆ ಆಕೆಯ ಕಾರ್ಯದ ಬೆಲೆಯು ಇದರಿಂದಲೇ ಹೆಚ್ಚುತ್ತದೆ. ತನ್ನ ಮಡಿಲಿನ ಮಗುವಿನ ಮೇಲೆ ತಾಯಿಗೆ ಹರಿಯುವುದು ವಾತ್ಸಲ್ಯ. ಅದು ಹಸುವಿಗೂ ಉಂಟು. ಕಾಣದ ದೇಶದ, ಕೇಳದ ಭಾಷೆಯ, ಶತ್ರುವೆಂದು ಹೆಸರಿಸಲ್ಪಟ್ಟ ಜನರ ಮಗುವಿಗೆ ಹಾಲು ಸಲ್ಲತಕ್ಕದ್ದೆಂಬುದು ವಾತ್ಸಲ್ಯದಿಂದ ಹುಟ್ಟುವ ಮಾತಲ್ಲ. ಅದು ನ್ಯಾಯಬುದ್ಧಿಯ ಮಾತು. ಇಂತಹ ನ್ಯಾಯಬುದ್ಧಿಯನ್ನು ಆಕೆ ಕೇಂಬ್ರಿಜ್ಜಿನಲ್ಲಿ ಬೆಳೆಸಿಕೊಂಡಳು. ತಾಯಿಯೊಡನೆ ಅಲ್ಲಿ ನೆಲಸಿ, ದಾನಧರ್ಮಗಳನ್ನು ಕ್ರಮಪಡಿಸುವ ಸಂಘದಲ್ಲಿ ದುಡಿದು, ಆ ಪಟ್ಟಣದ ಬಡತನದ ಸ್ಥಿತಿಗತಿಗಳನ್ನು ಕುರಿತು 1906ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಕನಿಕರಪಟ್ಟು ಕಾಸು ಹಾಕುವುದರಿಂದ ಪ್ರಯೋಜನವಿಲ್ಲ, ದಾನಕ್ಕೂ ಶಾಸ್ತ್ರವಿರಬೇಕು ಎಂಬುದು ಆಕೆಯ ಮತವಾಯಿತು.

1913ರಲ್ಲಿ ಬಾಲ್ಕನ್ ಯುದ್ಧದ ಸಂತ್ರಸ್ತರಿಗೆ ಹಣವನ್ನು ಮುಟ್ಟಿಸುವ ಸಲುವಾಗಿ ಆಕೆ ಮಾಸಿಡೋನಿಯಕ್ಕೆ ಪ್ರಯಾಣಮಾಡಿದಳು. ಮನೆಮಠಗಳನ್ನು ಕಳೆದುಕೊಂಡು ಅಲೆಯುವ ನಿರಾಶ್ರಿತರನ್ನು ಅಲ್ಲಿ ಕಣ್ಣಾರೆ ಕಂಡಳು. ಗೆದ್ದವರ ಪತ್ರಿಕೆಗಳಲ್ಲಿ ಬರುವ ಯುದ್ಧವೇ ಬೇರೆ, ಊರುಗಳ ಬೀದಿಗಳಲ್ಲಿ ಕಾಣುವ ಯುದ್ಧವೇ ಬೇರೆ ಎಂಬ ಪಾಠವನ್ನು ಕಲಿತು ಹಿಂತಿರುಗಿದಳು. ಆಕೆಯ ತಂಗಿಯಾದ ಡೊರೊತಿ, ಪಾರ್ಲಿಮೆಂಟಿನ ಸದಸ್ಯನಾಗಿದ್ದ ಚಾರ್ಲ್ಸ್ ರೋಡನ್ ಬಕ್ಸ್‌ಟನ್ನನ ಪತ್ನಿ. ಮಹಾಯುದ್ಧವು ನಡೆಯುತ್ತಿದ್ದಾಗ ಈ ತಂಗಿಯು ಸರಕಾರದ ಅನುಮತಿಯನ್ನು ಪಡೆದು ಶತ್ರುದೇಶಗಳ ವೃತ್ತಪತ್ರಿಕೆಗಳನ್ನು ತರಿಸಿ, ಅವುಗಳ ಸಾರವನ್ನು ಇಂಗ್ಲಿಷಿಗೆ ಅನುವಾದಮಾಡಿಸಿ, 1915ರಿಂದ ‘ಕೇಂಬ್ರಿಜ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದಳು. ಅಕ್ಕನೂ ಆ ಕೆಲಸದಲ್ಲಿ ಕೈಗೂಡಿಸಿದಳು. ಶತ್ರುದೇಶದಲ್ಲಿಯೂ ಸಂಧಿಯನ್ನು ಬಯಸುವವರಿದ್ದಾರೆ, ಅಲ್ಲಿಯೂ ತಾಯಂದಿರು ಅಂಗಡಿಗಳ ಮುಂದೆ ಸಾಲುನಿಂತು ಬರಿಗೈಯಲ್ಲಿ ಮರಳುತ್ತಾರೆ ಎಂಬುದು ದಿನದಿನವೂ ಅಕ್ಕತಂಗಿಯರ ಕಣ್ಣಿಗೆ ಬಿತ್ತು. ಉಳಿದ ಆಂಗ್ಲರಿಗೆ ತಿಳಿಯದುದು ಅವರಿಗೆ ತಿಳಿದಿತ್ತು. ತಿಳಿದವರಿಗೆ ಸುಮ್ಮನಿರುವುದು ಸುಲಭವಲ್ಲ.

1919ನೆಯ ಇಸವಿಯ ಆರಂಭದಲ್ಲಿ ಲಂಡನ್ನಿನಲ್ಲಿ ಕ್ಷಾಮನಿವಾರಣ ಮಂಡಳಿಯೊಂದು ಏರ್ಪಟ್ಟಿತು. ಲಾರ್ಡ್ ಪಾರ್ಮೂರ್ ಮೊದಲಾದ ಗಣ್ಯರು ಅದಕ್ಕೆ ಸೇರಿದರು. ಅಕ್ಕತಂಗಿಯರೂ ಅದರಲ್ಲಿ ದುಡಿದರು. ದಿಗ್ಬಂಧನವನ್ನು ತೆಗೆಯಬೇಕೆಂದು ಸರಕಾರವನ್ನು ಒತ್ತಾಯಪಡಿಸುವುದು ಮಂಡಳಿಯ ಉದ್ದೇಶ. ಅದು ಹೊರಡಿಸಿದ ಕರಪತ್ರಗಳಲ್ಲಿ ಒಂದರ ಮೇಲೆ ಆಸ್ಟ್ರಿಯದ ಒಂದು ಮಗುವಿನ ಛಾಯಾಚಿತ್ರವಿತ್ತು. ದೊಡ್ಡ ತಲೆ, ಕಡ್ಡಿಯಂತಹ ಕೈಕಾಲುಗಳು, ಉಬ್ಬಿದ ಹೊಟ್ಟೆ. ಈ ಮಗುವಿನ ಹಸಿವಿಗೆ ಕಾರಣವು ಬ್ರಿಟನ್ನಿನ ದಿಗ್ಬಂಧನವೆಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿತ್ತು. ಏಪ್ರಿಲ್ ತಿಂಗಳಿನಲ್ಲಿ ಕುಮಾರಿ ಜೆಬ್ ಈ ಕರಪತ್ರಗಳನ್ನು ಟ್ರಫಾಲ್ಗರ್ ಚೌಕದಲ್ಲಿ ದಾರಿಹೋಕರಿಗೆ ಹಂಚಿದಳು. ಆ ಚೌಕದ ನಡುವೆ ಎತ್ತರವಾದ ಸ್ತಂಭದ ಮೇಲೆ ನಿಂತಿರುವುದು ಬ್ರಿಟಿಷ್ ನೌಕಾಬಲದ ಮಹಾವೀರನಾದ ನೆಲ್ಸನ್ನನ ವಿಗ್ರಹ. ಅದರ ಬುಡದಲ್ಲಿಯೇ ನಿಂತು, ಆ ನೌಕಾಬಲವು ಕಡಲಾಚೆ ಏನನ್ನು ಮಾಡುತ್ತಿದೆಯೆಂಬುದನ್ನು ಆಕೆ ಜನರ ಕೈಗೆ ಕೊಟ್ಟಳು. ಪೋಲೀಸರು ಆಕೆಯನ್ನು ಹಿಡಿದರು. ಕರಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳಿಗೆ ಒಪ್ಪಿಸಿರಲಿಲ್ಲವೆಂಬುದೇ ಅಪರಾಧ. ಮಂಡಳಿಯ ಕಾರ್ಯಕರ್ತೆಯೂ, ಸ್ತ್ರೀಯರ ಮತಾಧಿಕಾರಕ್ಕಾಗಿ ಹಿಂದೆ ಹೋರಾಡಿದವಳೂ ಆದ ಬಾರ್ಬರಾ ಏರ್ಟನ್ ಗೌಲ್ಡ್ ಎಂಬಾಕೆಯೂ ಆಪಾದನೆಗೆ ಗುರಿಯಾದಳು.

ಮೇ 15ರಂದು ನಡೆದ ವಿಚಾರಣೆಯಲ್ಲಿ ಸರಕಾರದ ಪರವಾಗಿ ವಾದಿಸಲು ಬಂದವನು ಸರ್ ಆರ್ಚಿಬಾಲ್ಡ್ ಬಾಡ್ಕಿನ್. ಯುದ್ಧಕಾಲದ ಇಂತಹ ಮೊಕದ್ದಮೆಗಳಲ್ಲಿ ಪಳಗಿದ ಕೈ. ರಸೆಲ್ಲನ ಮೇಲೆ ವಾದಿಸಿದವನೂ ಈತನೇ. 1916ರ ಮತ್ತೊಂದು ಮೊಕದ್ದಮೆಯಲ್ಲಿ ಈತನು, ಯುದ್ಧವು ತಪ್ಪೆಂದು ಎಲ್ಲರೂ ಭಾವಿಸಿದ ಪಕ್ಷದಲ್ಲಿ ಯುದ್ಧವೇ ಅಸಾಧ್ಯವಾಗುವುದೆಂದು ಗಾಬರಿಯಿಂದ ವಾದಿಸಿದನಂತೆ. ಯುದ್ಧವಿರೋಧಿಗಳು ಆ ಮಾತನ್ನೇ ಅಚ್ಚುಹಾಕಿಸಿ ಭಿತ್ತಿಪತ್ರ ಮಾಡಿಕೊಂಡರೆಂದು ಕಥೆಯುಂಟು. ಎದುರಿಗೆ ನಿಂತವಳು ನಾಲ್ವತ್ತೆರಡು ವರ್ಷದ, ಥೈರಾಯ್ಡ್ ಗ್ರಂಥಿಯ ಬಾಧೆಯಿಂದ ಬಳಲಿ ಅಕಾಲದಲ್ಲಿ ಕೂದಲು ನರೆತ ಕೃಶಾಂಗಿ. ಆಕೆ ತನ್ನ ಪರವಾಗಿ ತಾನೇ ವಾದಿಸಲು ನಿಶ್ಚಯಿಸಿದಳು.

ವಕೀಲರ ದೃಷ್ಟಿಯಿಂದ ಆಕೆಗೆ ವಾದವೇ ಇರಲಿಲ್ಲ. ವಿಧಿಯು ಸ್ಪಷ್ಟವಾಗಿತ್ತು, ಅದನ್ನು ಮೀರಿದುದೂ ಸ್ಪಷ್ಟವಾಗಿತ್ತು. ಇದನ್ನು ಬಲ್ಲ ಆಕೆ ಶಾಸನದ ಸಂದುಗೊಂದುಗಳಲ್ಲಿ ನುಸುಳಿ ಪಾರಾಗಲು ಯತ್ನಿಸಲಿಲ್ಲ. ಮಕ್ಕಳು ಸಾಯುತ್ತಿದ್ದಾರೆಂಬುದನ್ನೂ, ಅದನ್ನು ತಡೆಯುವುದು ಬಲ್ಲವರ ಕರ್ತವ್ಯವೆಂಬುದನ್ನೂ ನ್ಯಾಯಸ್ಥಾನದಲ್ಲಿ ಹೇಳಿದಳು. ವೃತ್ತಪತ್ರಿಕೆಗಳ ವರದಿಗಾರರು ಅಲ್ಲಿ ಕುಳಿತಿದ್ದರು. ಕರಪತ್ರದಲ್ಲಿ ಅಚ್ಚಾಗಬಾರದೆಂದು ಸರಕಾರವು ತಡೆದ ಸಂಗತಿಯು, ಸರಕಾರವೇ ಹೂಡಿದ ಮೊಕದ್ದಮೆಯ ವರದಿಯಾಗಿ ಪತ್ರಿಕೆಗಳನ್ನು ಸೇರಿತು. ಯಾವ ಬಾಯನ್ನು ಮುಚ್ಚಲು ಹೋದರೋ ಅದಕ್ಕೆ ತಾವೇ ಎತ್ತರದ ಪೀಠವನ್ನು ಹಾಕಿಕೊಟ್ಟಂತಾಯಿತು.

ನ್ಯಾಯಾಧಿಪತಿಯು ಆಕೆಯನ್ನು ತಪ್ಪಿತಸ್ಥೆಯೆಂದು ನಿರ್ಣಯಿಸಿ ಐದು ಪೌಂಡು ಜುಲ್ಮಾನೆಯನ್ನು ವಿಧಿಸಿದನು. ರಸೆಲ್ಲನಿಗೆ ನೂರು, ಈಕೆಗೆ ಐದು. ಈ ಅಂತರದಲ್ಲಿಯೇ ನ್ಯಾಯಸ್ಥಾನದ ಮನಸ್ಸನ್ನು ಓದಬಹುದು. ಕಲಾಪವು ಮುಗಿದ ಮೇಲೆ ಬಾಡ್ಕಿನ್ನನು ಆಕೆಯ ಬಳಿಗೆ ಬಂದು ಎಲ್ಲರೆದುರಿನಲ್ಲಿ ಐದು ಪೌಂಡಿನ ನೋಟನ್ನು ಆಕೆಯ ಕೈಯಲ್ಲಿಟ್ಟನು. ಆಕೆಯನ್ನು ಶಿಕ್ಷಿಸಬೇಕೆಂದು ಬೆಳಗಿನಿಂದ ವಾದಿಸಿದವನೇ ಶಿಕ್ಷೆಯ ಹಣವನ್ನು ತನ್ನ ಜೇಬಿನಿಂದ ತೆತ್ತನು. ಆಕೆ ಅದನ್ನು ಜುಲ್ಮಾನೆಗೆ ಸಲ್ಲಿಸದೆ ಮಕ್ಕಳ ಸಹಾಯಕ್ಕೆಂದು ಕೂಡಿಸಲಿದ್ದ ನಿಧಿಗೆ ಸಲ್ಲಿಸಿದಳೆಂದೂ, ಆ ನಿಧಿಗೆ ಬಂದ ಮೊದಲನೆಯ ಕಾಣಿಕೆಯು ಅದೇ ಎಂದೂ ಹೇಳುತ್ತಾರೆ.

ಬಾಡ್ಕಿನ್ನನ ಈ ನಡತೆಯನ್ನು ಹಲವರು ಮನಃಪರಿವರ್ತನೆಯ ಕಥೆಯಂತೆ ವರ್ಣಿಸಿರುವರು. ಹಾಗೆ ತಿಳಿಯಲು ಆಧಾರವಿಲ್ಲ. ಮರುವರ್ಷವೇ ಆತನು ಇಂಗ್ಲೆಂಡಿನ ಸರಕಾರೀ ಅಭಿಯೋಗಗಳ ಮುಖ್ಯಾಧಿಕಾರಿಯಾಗಿ 1930ರವರೆಗೆ ಅದೇ ಕಾಠಿಣ್ಯದಿಂದ ಕೆಲಸಮಾಡಿದನು. ಶಾಸನವನ್ನು ಮೀರಿದವರು ದಂಡನಾರ್ಹರೆಂಬ ಆತನ ನಂಬಿಕೆಯು ಸಡಿಲಿಸಿದಂತೆ ತೋರುವುದಿಲ್ಲ. ಶಾಸನಕ್ಕೆ ಸಲ್ಲತಕ್ಕದ್ದನ್ನು ಶಾಸನಕ್ಕೆ ಸಲ್ಲಿಸಿದ ಮೇಲೆಯೂ ಮನುಷ್ಯನಾಗಿ ತಾನು ಸಲ್ಲಿಸಬೇಕಾದುದು ಬೇರೆ ಉಂಟೆಂದು ಆ ಕ್ಷಣದಲ್ಲಿ ಆತನಿಗೆ ತೋರಿರಬೇಕು. ಅದರಿಂದಲೇ ಈ ಪ್ರಸಂಗವು ಅರ್ಥವತ್ತಾದುದು. ವಿರೋಧಿಯು ಸ್ವಪಕ್ಷಕ್ಕೆ ಬಂದುದು ಆಕೆಯ ಜಯವಲ್ಲ. ವಿರೋಧಿಯು ವಿರೋಧಿಯಾಗಿದ್ದುಕೊಂಡೇ ಹಸಿದ ಮಗುವಿಗೆ ಕಾಸು ಕೊಟ್ಟನೆಂಬುದು ಆಕೆಯ ಜಯ.

ನಾಲ್ಕು ದಿನಗಳ ಮೇಲೆ, ಮೇ 19ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮಹಾಸಭೆಯು ಕೂಡಿತು. ವಿಚಾರಣೆಯ ಸುದ್ದಿಯಿಂದ ಕುತೂಹಲಗೊಂಡ ಜನರು ಕಿಕ್ಕಿರಿದು ಸೇರಿದರು. ಶತ್ರುಗಳ ಮಕ್ಕಳಿಗೆ ಹಣ ಬೇಡುವ ದೇಶದ್ರೋಹಿಗಳ ಮೇಲೆ ಎಸೆಯುವುದಕ್ಕೆಂದು ಕೊಳೆತ ಸೇಬುಗಳನ್ನು ತಂದವರೂ ಆ ಜನಸಂದಣಿಯಲ್ಲಿದ್ದರಂತೆ. ಅಂತಹವರ ಮನೆಗಳಲ್ಲಿಯೂ ಸತ್ತವರಿದ್ದರೆಂಬುದನ್ನು ಮರೆಯಬಾರದು. ಬ್ರಿಟನ್ನಿನ ಲಕ್ಷಾಂತರ ತಾಯಂದಿರು ಆ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದರು. ಕುಮಾರಿ ಜೆಬ್ ಮೊದಲು ಅಳುಕಿದ ಸ್ವರದಲ್ಲಿ ಆರಂಭಿಸಿ, ಕ್ರಮೇಣ ಧೈರ್ಯಗೊಂಡು, ಮಕ್ಕಳು ಹಸಿವಿನಿಂದ ಸಾಯುವುದನ್ನು ನೋಡುತ್ತ ಕೈಕಟ್ಟಿ ಕೂರುವುದು ಮನುಷ್ಯಮಾತ್ರದವರಿಗೆ ಸಾಧ್ಯವಲ್ಲವೆಂದು ಹೇಳಿದಳು. ಸೇಬುಗಳು ತಂದವರ ಬಳಿಯೇ ಉಳಿದುವು. ಗಣಿಕೆಲಸಗಾರರ ಮುಂದಾಳಾದ ರಾಬರ್ಟ್ ಸ್ಮೈಲಿಯು ಬೆಂಬಲವಾಗಿ ನಿಂತನು. ಗಣಿಕೆಲಸಗಾರರ ಸಂಘವು ಹತ್ತು ಸಾವಿರ ಪೌಂಡುಗಳನ್ನು ಕೊಟ್ಟಿತು. ‘ಸೇವ್ ದಿ ಚಿಲ್ಡ್ರನ್ ಫಂಡ್’ ಎಂಬ ಶಿಶುರಕ್ಷಣ ನಿಧಿಯು ಆ ಸಭೆಯಲ್ಲಿ ಸ್ಥಾಪಿತವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಟ್ರಫಾಲ್ಗರ್ ಚೌಕದ ಕರಪತ್ರವು ಕೇಳಿದುದು ಭಿಕ್ಷೆಯನ್ನಲ್ಲ, ನೀತಿಯ ಬದಲಾವಣೆಯನ್ನು. ದಿಗ್ಬಂಧನವನ್ನು ತೆಗೆಯಿರಿ ಎಂಬುದು ಅದರ ಕೂಗು. ಆಲ್ಬರ್ಟ್ ಹಾಲಿನ ನಿಧಿಯಾದರೋ ರಾಜಕೀಯವನ್ನು ಬದಿಗಿಟ್ಟು ಮಕ್ಕಳಿಗಾಗಿ ಹಣವನ್ನು ಕೇಳಿತು. ಅಕ್ಕತಂಗಿಯರ ದಾರಿಗಳು ಇಲ್ಲಿ ಕವಲಾದುವು. ಡೊರೊತಿಯು ರಾಜಕೀಯದ ಕಡೆಗೇ ಒಲಿದಳು. ಎಗ್ಲಾಂಟೈನಳು ನಿಧಿಯ ಭಾರವನ್ನು ಹೊತ್ತಳು. ಕಟ್ಟಿಹಾಕಿದವನನ್ನು ಪ್ರಶ್ನಿಸದೆ ಕಟ್ಟಿಗೆ ಸಿಕ್ಕವನಿಗೆ ಮಾತ್ರ ಅನ್ನ ಹಾಕಿದರೆ, ಕಟ್ಟಿದವನಿಗೆ ಅನುಕೂಲಮಾಡಿದಂತಾಗುವುದಿಲ್ಲವೇ ಎಂದು ಆಕ್ಷೇಪಿಸುವವರು ಅಂದೂ ಇದ್ದರು, ಇಂದೂ ಇರುವರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ದಿಗ್ಬಂಧನವನ್ನು ತೆಗೆಸಿದುದು ಕಾಣಿಕೆಯ ಹಣವಲ್ಲ, ಸಂಧಿಪತ್ರದ ರುಜು. ಆದರೂ ಮಗುವಿನ ಹಸಿವು ಸಂಧಿಪತ್ರದ ತಾರೀಖನ್ನು ಕಾಯುವುದಿಲ್ಲ. ರಾಜಕೀಯದಲ್ಲಿ ವಿರೋಧವಾಗಿದ್ದವರೂ ಹಾಲಿನ ವಿಷಯದಲ್ಲಿ ಒಂದಾಗಬಲ್ಲರೆಂಬುದನ್ನು ಬಾಡ್ಕಿನ್ನನ ನೋಟಿನಿಂದಲೇ ಆಕೆ ಕಂಡಿದ್ದಳು. ಎಲ್ಲರ ಹಣವೂ ಬೇಕಾಗಿದ್ದರೆ ಎಲ್ಲರೂ ಒಪ್ಪುವ ಮಾತನ್ನು ಮುಂದಿಡಬೇಕಾಗಿತ್ತು. ಆ ಆಯ್ಕೆಯನ್ನು ಆಕೆ ತಿಳಿದು ಮಾಡಿದಳು. ಅದರಿಂದ ಆದ ನಷ್ಟವನ್ನೂ ಹೊತ್ತಳು.

ಅಂದಿನಿಂದ ಕಾರ್ಯವು ವೇಗವಾಗಿ ಬೆಳೆಯಿತು. ಆಕೆಯು ರೋಮಿಗೆ ಹೋಗಿ ಪೋಪರನ್ನು ಕಂಡಳು. ಪೋಪ್ ಹದಿನೈದನೆಯ ಬೆನೆಡಿಕ್ಟರು 1919ನೆಯ ಡಿಸೆಂಬರ್ 28ರಂದು ಲೋಕದ ಕ್ಯಾಥೊಲಿಕ್ ದೇವಾಲಯಗಳಲ್ಲೆಲ್ಲ ಮಧ್ಯ ಯೂರೋಪಿನ ಮಕ್ಕಳಿಗಾಗಿ ಕಾಣಿಕೆಯನ್ನು ಕೂಡಿಸುವಂತೆ ಆಜ್ಞಾಪಿಸಿದರು. ಹೆರೋದ್ ರಾಜನು ಕೊಲ್ಲಿಸಿದ ಹಸುಳೆಗಳನ್ನು ಕ್ರೈಸ್ತರು ಸ್ಮರಿಸುವ ದಿನವದು. 1920ನೆಯ ಜನವರಿಯಲ್ಲಿ ಜಿನೀವಾ ನಗರದಲ್ಲಿ ಅಂತರರಾಷ್ಟ್ರೀಯ ಶಿಶುರಕ್ಷಣ ಸಂಘವು ಸ್ಥಾಪಿತವಾಯಿತು. ಸ್ತ್ರೀವೈದ್ಯೆಯಾದ ಹಿಲ್ಡಾ ಕ್ಲಾರ್ಕ್ ಮೊದಲಾದ ಕ್ವೇಕರ್ ಪಂಥದವರು ವಿಯೆನ್ನಾದ ಮಕ್ಕಳಿಗೆ ಹಾಲೊದಗಿಸಲು ಹಸುಗಳನ್ನೇ ಕೊಂಡು ತರಿಸಿದರು. ಬೋಯರ್ ಯುದ್ಧದಲ್ಲಿ ಸ್ತ್ರೀಬಾಲಕರನ್ನು ಕೂಡಿಹಾಕಿದ್ದ ಶಿಬಿರಗಳ ದುರವಸ್ಥೆಯನ್ನು ಬಯಲಿಗೆಳೆದು, ಅದಕ್ಕಾಗಿ 1901ನೆಯ ಅಕ್ಟೋಬರಿನಲ್ಲಿ ಕೇಪ್‌ಟೌನಿನಿಂದ ಬಲಾತ್ಕಾರವಾಗಿ ಹಿಂದಕ್ಕೆ ಕಳುಹಿಸಲ್ಪಟ್ಟಿದ್ದ ಎಮಿಲಿ ಹಾಬ್‌ಹೌಸ್, ತನ್ನ ವೃದ್ಧಾಪ್ಯದಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಶಾಲಾಬಾಲಕರಿಗೆ ಊಟವಿಕ್ಕಿಸುವ ಏರ್ಪಾಟನ್ನು ನಡೆಸಿದಳು. ಸರಕಾರದ ಅಪ್ರಿಯೆಯರಾದ ಈ ಹೆಂಗಸರೇ, ಸರಕಾರಗಳು ಹಸಿವಿಗೆ ಬಿಟ್ಟ ಮಕ್ಕಳನ್ನು ಕೈಹಿಡಿದರು.

1921ರಲ್ಲಿ ರಷ್ಯದ ವೋಲ್ಗಾ ನದಿಯ ಸೀಮೆಯಲ್ಲಿ ಮಹಾಕ್ಷಾಮವು ತಲೆದೋರಿತು. ಬೋಲ್ಷೆವಿಕರ ಮಕ್ಕಳಿಗೆ ಆಂಗ್ಲರ ಹಣವೇಕೆಂದು ಲಂಡನ್ನಿನ ಪತ್ರಿಕೆಗಳಲ್ಲಿ ಕೆಲವು ಕೂಗೆಬ್ಬಿಸಿದುವು. ಜರ್ಮನರಿದ್ದ ಸ್ಥಳದಲ್ಲಿ ರಷ್ಯರನ್ನಿಟ್ಟರೆ ಎರಡು ವರ್ಷಗಳ ಹಿಂದಿನ ಆಪಾದನೆಯೇ ಅದು. ಆಕೆಯ ಉತ್ತರವೂ ಬದಲಾಗಲಿಲ್ಲ. ನಿಧಿಯ ಅಡಿಗೆಮನೆಗಳು ಸರಟೋವ್ ಪ್ರಾಂತದಲ್ಲಿ ದಿನವೊಂದಕ್ಕೆ ಲಕ್ಷಗಟ್ಟಲೆ ಮಕ್ಕಳಿಗೆ ಅನ್ನವಿಕ್ಕಿದುವು.

ಇಷ್ಟಾದರೂ ಆಕೆಗೆ ತೃಪ್ತಿಯಾಗಲಿಲ್ಲ. ಕ್ಷಾಮ ಬಂದಾಗಲೆಲ್ಲ ಬೇಡಿ ಕೂಡಿಸಿದ ದಾನವು ಮಗುವಿಗೆ ಕೃಪೆಯಾಗಿ ದೊರಕುವುದು. ಕೃಪೆಯನ್ನು ತೋರುವುದೂ ಬಿಡುವುದೂ ಕೊಡುವವನ ಇಚ್ಛೆ. ಮಗುವಿಗೆ ಸಲ್ಲತಕ್ಕದ್ದು ಹಕ್ಕಾಗಿಯೇ ಸಲ್ಲಬೇಕೆಂದು ಬಗೆದು 1923ರಲ್ಲಿ ಐದೇ ವಾಕ್ಯಗಳ ಒಂದು ಶಿಶುಧರ್ಮಶಾಸನವನ್ನು ರಚಿಸಿದಳು. ಜಿನೀವಾದ ಬಳಿಯ ಸಲೇವ್ ಬೆಟ್ಟದ ಮೇಲೆ ಕುಳಿತು ಇದನ್ನು ಬರೆದಳೆಂದು ಐತಿಹ್ಯವಿದೆ. ಹಸಿದ ಮಗುವಿಗೆ ಅನ್ನ, ರೋಗಿಯಾದ ಮಗುವಿಗೆ ಶುಶ್ರೂಷೆ, ಅನಾಥನಿಗೆ ಆಶ್ರಯ ದೊರಕತಕ್ಕದ್ದು. ಆಪತ್ಕಾಲದಲ್ಲಿ ಮೊದಲು ನೆರವು ಮಗುವಿಗೆ ಸಲ್ಲತಕ್ಕದ್ದು. ಕುಲ, ದೇಶ, ಮತಗಳ ಎಣಿಕೆಯನ್ನು ಮೀರಿದ ಈ ವಿಧಿಗಳನ್ನು 1924ನೆಯ ಸೆಪ್ಟೆಂಬರ್ 26ರಂದು ರಾಷ್ಟ್ರಸಂಘವು ಅಂಗೀಕರಿಸಿತು. ಐದು ವರ್ಷಗಳ ಹಿಂದೆ ಶಾಸನವನ್ನು ಮೀರಿದಳೆಂದು ದಂಡನೆಗೊಳಗಾದವಳ ವಾಕ್ಯಗಳು ಲೋಕದ ರಾಷ್ಟ್ರಗಳ ನಡುವೆ ಪ್ರಮಾಣವಾದುವು. ಅವೇ ಬೆಳೆದು ಸಂಯುಕ್ತ ರಾಷ್ಟ್ರಗಳ 1959ರ ಘೋಷಣೆಗೂ, 1989ನೆಯ ನವೆಂಬರ್ 20ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೂ ಬೀಜವಾದುವು. ಭಾರತವು ಈ ಒಡಂಬಡ಼ಿಕೆಗೆ ಸೇರಿದುದು 1992ರಲ್ಲಿ.

ದೇಹವು ಆ ಶ್ರಮವನ್ನು ಬಹುಕಾಲ ತಾಳಲಿಲ್ಲ. 1928ನೆಯ ಡಿಸೆಂಬರ್ 17ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಆಕೆ ಜಿನೀವಾದಲ್ಲಿ ಕಾಲವಶಳಾಗಿ ಅಲ್ಲಿಯೇ ಸಮಾಧಿಯಾದಳು. 2024ರಲ್ಲಿ ಆ ನಗರದವರು ಆಕೆಯ ಅಸ್ಥಿಗಳನ್ನು ಗಣ್ಯರಿಗಾಗಿ ಮೀಸಲಾದ ಸ್ಮಶಾನಕ್ಕೆ ಗೌರವದಿಂದ ತಂದಿರಿಸಿದರು.

ಮ್ಯಾನ್ಷನ್ ಹೌಸಿನ ತೀರ್ಪನ್ನು ಮುಂದೆ ಯಾರೂ ತಿದ್ದಲಿಲ್ಲ; ತಿದ್ದುವ ಅಗತ್ಯವೂ ಬೀಳಲಿಲ್ಲ. ಅನುಮತಿಯನ್ನು ಪಡೆದೆಯಾ ಎಂದು ಶಾಸನವು ಕೇಳಿತು. ಇಲ್ಲವೆಂಬುದೇ ನಿಜವಾದ ಉತ್ತರ. ಕರಪತ್ರದ ಮೇಲಿದ್ದ ಮಗುವು ಕೇಳಿದ ಪ್ರಶ್ನೆಯು ಆ ನ್ಯಾಯಸ್ಥಾನದ ಅಧಿಕಾರದಲ್ಲಿ ಇರಲಿಲ್ಲ. ಉತ್ತರೆಯ ಕೂಸನ್ನು ಬದುಕಿಸಲು ಅಲ್ಲಿ ಶ್ರೀಕೃಷ್ಣನಿದ್ದನು. ದಿಗ್ಬಂಧನದ ಊರುಗಳ ಕೂಸುಗಳಿಗೆ ಇದ್ದುದು ಇಂತಹ ಕೆಲವರು ಮನುಷ್ಯರು, ಅವರ ಕೈಯಲ್ಲಿದ್ದ ಕಾಗದದ ಚೂರುಗಳು. ಯುದ್ಧಗಳು ಇನ್ನೂ ನಿಂತಿಲ್ಲ, ಅನ್ನದ ದಾರಿಯನ್ನು ಕಟ್ಟುವ ರಾಜನೀತಿಯೂ ನಿಂತಿಲ್ಲ. ಆ ಕಾಗದದ ಚೂರನ್ನು ಕೈಗೆ ತೆಗೆದುಕೊಂಡು ಓದುವ ದಾರಿಹೋಕರು ಇರುವವರೆಗೆ ಅದನ್ನು ಹಂಚಿದವಳ ಶ್ರಮವು ವ್ಯರ್ಥವಾಗದು.